ಕ್ಯಾನ್ಸರ್ ಬಂದ ಮನೇಲಿ ಮನಸ್ಸು ನೋಡ್ಕೊಳ್ಳೋದು ಹೇಗೆ: ರೋಗಿಗೂ ಜೊತೆಗಿರೋರಿಗೂ, ನಮ್ಮ ಕೊಡಗಿನ ಲೆಕ್ಕದಲ್ಲಿ

ಅಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬಂದಿದ್ದು ಜುಲೈ ತಿಂಗಳಲ್ಲಿ. ಹೊರಗೆ ಬಿಡದೆ ಹೊಡೀತಿದ್ದ ಮಳೆ, ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಮನೇಲಿ ನೆಟ್‌ವರ್ಕ್ ಇಲ್ಲ, ವಾಟ್ಸಪ್ಪಲ್ಲಿ ಬಂದ ರಿಪೋರ್ಟ್ ಓಪನ್ ಮಾಡೋಕೆ ನಾನು ಕೊಡೆ ಹಿಡ್ಕೊಂಡು ತೋಟದ ಗೇಟ್ ತನಕ ನಡ್ಕೊಂಡು ಹೋಗಿದ್ದೆ. ಅಲ್ಲಿಂದ ವಾಪಸ್ ಬರೋ ಹತ್ತು ನಿಮಿಷದಲ್ಲಿ ಅಮ್ಮನಿಗೆ ಏನ್ ಹೇಳೋದು, ಅಪ್ಪನಿಗೆ ಏನ್ ಹೇಳೋದು, ಹೇಳೋದಾ ಬೇಡ್ವಾ ಅಂತ ಯೋಚಿಸಿದ್ದೇ ಯೋಚಿಸಿದ್ದು. ಆಮೇಲೆ ಆಪರೇಷನ್, 8 ಕೀಮೋ, 15 ದಿನ ರೇಡಿಯೇಶನ್, ಈಗ ದಿನಕ್ಕೊಂದು ಮಾತ್ರೆ. ದೇಹಕ್ಕೆ ಏನೇನ್ ಮಾಡ್ಬೇಕು ಅಂತ ಡಾಕ್ಟ್ರು ಒಂದೊಂದೂ ಬರೆದು ಕೊಟ್ರು, ಡೇಟ್ ಸಮೇತ. ಮನಸ್ಸಿಗೆ ಅಂತ ಸಿಕ್ಕಿದ್ದು ಒಂದೇ ಮಾತು, "ಧೈರ್ಯವಾಗಿರಿ". ಬಂದೋರೆಲ್ಲ ಅದನ್ನೇ ಹೇಳಿ ಹೋದ್ರು, ನಾವೂ ಒಬ್ಬರಿಗೊಬ್ಬರು ಅದನ್ನೇ ಹೇಳ್ಕೊಂಡ್ವಿ, ರಾತ್ರಿ ಮೂರೂ ಜನ ಮೂರು ರೂಮಲ್ಲಿ ಬೇರೆ ಬೇರೆ ಅಳ್ತಿದ್ವಿ.

ಅದಕ್ಕೇ ಇದನ್ನ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಅಮ್ಮನ ಜೊತೆ ಒಂದೂವರೆ ವರ್ಷ ಆಸ್ಪತ್ರೆ ಓಡಾಡಿ, ಕೌನ್ಸೆಲರ್ ಹತ್ರ ಕೂತು, ಕೇಳಿ, ಓದಿ ತಿಳ್ಕೊಂಡಿದ್ದು ಇದು. ನಂಗೆ ಅರ್ಥ ಆಗಿದ್ದು ಏನಂದ್ರೆ ಮನಸ್ಸಿನ ಕೆಲಸನೂ ಕೀಮೋ ಥರಾನೇ, ದಿನ ಗೊತ್ತು ಮಾಡಿ, ಯಾರು ಮಾಡೋದು ಅಂತ ಹೆಸರು ಹಾಕಿ ಮಾಡ್ಬೇಕು, ತಾನಾಗೇ ಸರಿ ಹೋಗುತ್ತೆ ಅಂತ ಬಿಟ್ರೆ ಹೋಗಲ್ಲ. ಎಲ್ಲಾ ಒಟ್ಟಿಗೆ ಮಾಡೋಕೆ ಹೋಗ್ಬೇಡಿ, ಈಗ ನೀವು ಯಾವ ಹಂತದಲ್ಲಿ ಇದ್ದೀರೋ ಅಲ್ಲಿಂದ ಶುರು ಮಾಡಿ.

1. ಮುಚ್ಚಿಡೋದು ಬೇಡ, ಆದ್ರೆ ಒಂದೇ ಸಲ ಸುರಿಯೋದೂ ಬೇಡ

ನಮ್ಮ ಕಡೆ ಮೊದಲು ಆಗೋದೇ ಇದು, ರೋಗಿಗೆ ಬಿಟ್ಟು ಊರಿಗೆಲ್ಲ ಗೊತ್ತಿರುತ್ತೆ. "ಅವರಿಗೆ ಹೇಳಿದ್ರೆ ಕುಗ್ಗಿ ಹೋಗ್ತಾರೆ" ಅಂತ ಪ್ರೀತಿಯಿಂದಾನೇ ಮುಚ್ಚಿಡ್ತಾರೆ, ತಪ್ಪು ಅಂತ ಬೈಯಲ್ಲ ನಾನು, ನಾನೂ ಮೂರು ದಿನ ಗಡ್ಡೆ ಅಂತ ಮಾತ್ರ ಹೇಳಿ ಸುಮ್ನಿದ್ದೆ. ಆದ್ರೆ ಅಮ್ಮನಿಗೆ ಗೊತ್ತಾಗಿತ್ತು. ಅಡುಗೆ ಮನೇಲಿ ನಾವು ಮಾತು ನಿಲ್ಲಿಸೋದು, ಫೋನ್ ತಗೊಂಡು ಅಂಗಳಕ್ಕೆ ಹೋಗೋದು ಎಲ್ಲಾ ನೋಡ್ತಾ ಇದ್ರು. ಆಮೇಲೆ ಹೇಳಿದ್ರು, "ನಂಗೆ ಕಾಯಿಲೆಗಿಂತ ನೀವೆಲ್ಲ ಒಂದ್ ಕಡೆ, ನಾನೊಬ್ಳು ಒಂದ್ ಕಡೆ ಆಗಿದ್ದು ಜಾಸ್ತಿ ಹೆದರಿಕೆ ಆಗಿತ್ತು" ಅಂತ. ಆ ಮಾತು ಇವತ್ತಿಗೂ ಚುಚ್ಚುತ್ತೆ.

ಹೇಗೆ ಹೇಳೋದು ಅಂದ್ರೆ, ಹೇಳೋಕ್ಕಿಂತ ಮುಂಚೆ ಕೇಳಿ. "ನಿಂಗೇನು ಅನ್ಸುತ್ತಮ್ಮಾ, ಡಾಕ್ಟ್ರು ಹೇಳಿದ್ರಲ್ಲಿ ನಿಂಗೆ ಏನ್ ಅರ್ಥ ಆಯ್ತು?" ಅಂತ. ಅವರು ಹೇಳೋದ್ರಲ್ಲೇ ಎಷ್ಟು ಗೊತ್ತು ಅನ್ನೋದು ತಿಳಿಯುತ್ತೆ. ಆಮೇಲೆ "ಎಲ್ಲಾ ವಿವರ ನಿಂಗೆ ಬೇಕಾ, ಇಲ್ಲಾ ಮುಂದೆ ಏನ್ ಮಾಡ್ಬೇಕು ಅಷ್ಟು ಸಾಕಾ?" ಕೆಲವರಿಗೆ ಸ್ಟೇಜು ಪರ್ಸೆಂಟು ಎಲ್ಲಾ ಬೇಕು, ಕೆಲವರಿಗೆ ಬೇಡ, ಬೇಡ ಅನ್ನೋದೂ ಅವರ ಹಕ್ಕೇ. ಒಂದು ವಾಕ್ಯ ಹೇಳಿ ನಿಲ್ಲಿಸಿ, ಅಳೋಕೆ ಬಿಡಿ, ಟಿಶ್ಯೂ ಕೊಟ್ಟು ತಕ್ಷಣ ಸಮಾಧಾನ ಮಾಡೋಕೆ ಹೋಗ್ಬೇಡಿ, ಪಕ್ಕದಲ್ಲಿ ಕೂತಿರಿ ಅಷ್ಟೇ. ನಿಮ್ಮ ಕೈಲಿ ಆಗಲ್ಲ ಅನ್ಸಿದ್ರೆ ಡಾಕ್ಟ್ರಿಗೇ ಕೇಳ್ಕೊಳ್ಳಿ, ನೀವೇ ಅವರ ಮುಂದೆ ಹೇಳಿ ಸಾರ್, ನಾನು ಜೊತೇಲಿರ್ತೀನಿ ಅಂತ.

ಚಿಕ್ಕ ಮಕ್ಕಳಿದ್ರೆ ಅವರಿಗೂ ಹೇಳ್ಬೇಕು. ಅವರಿಗೆ ಮೂರು ವಿಷಯ ಗೊತ್ತಾದ್ರೆ ಸಾಕು: ಇದು ಮುಟ್ಟಿದ್ರೆ ಅಂಟಲ್ಲ, ನೀನು ತುಂಟತನ ಮಾಡಿದ್ದಕ್ಕೆ ಬಂದಿದ್ದಲ್ಲ, ಅಜ್ಜಿ ಆಸ್ಪತ್ರೇಲಿ ಇರೋವಾಗ ನಿನ್ನ ಇಂಥೋರು ನೋಡ್ಕೋತಾರೆ. ತಮ್ಮನ ಮಗಳು ಆರು ವರ್ಷದೋಳು, ಅಜ್ಜಿ ಜೊತೆ ಮಲಗಿದ್ರೆ ನಂಗೂ ಕೂದ್ಲು ಉದುರುತ್ತಾ ಅಂತ ಕೇಳಿದ್ಳು, ಉತ್ತರ ಸಿಕ್ಕಿದ ಮೇಲೆ ಆರಾಮಾಗಿ ಹೋಗಿ ಅಜ್ಜಿ ತೊಡೆ ಮೇಲೆ ಕೂತ್ಳು.

2. ಒಂದು ನೋಟ್‌ಬುಕ್ ಇಡಿ, ಬೇಜಾರಿಗೂ ನಂಬರ್ ಕೊಡಿ

ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮನಸ್ಸಿನ ಕಷ್ಟ ಅಳೆಯೋಕೆ ಥರ್ಮಾಮೀಟರ್ ಥರ ಒಂದು ಚಿತ್ರ ಬಳಸ್ತಾರೆ, 0 ಅಂದ್ರೆ ಏನೂ ಕಷ್ಟ ಇಲ್ಲ, 10 ಅಂದ್ರೆ ತಡೆಯೋಕೆ ಆಗ್ತಿಲ್ಲ. ಕಳೆದ ಒಂದು ವಾರದಲ್ಲಿ ಎಷ್ಟಿತ್ತು ಅಂತ ಗುರುತು ಹಾಕ್ಬೇಕು. 4 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟ್ರ ಹತ್ರ ಅದರ ಬಗ್ಗೆ ಮಾತಾಡ್ಲೇಬೇಕು ಅಂತ ಲೆಕ್ಕ. ನಾವು ಇದನ್ನ ಮನೇಲೇ ಭಾನುವಾರ ಭಾನುವಾರ ಮಾಡಿದ್ವಿ, ಅಮ್ಮ ಒಂದು ನಂಬರ್, ಅಪ್ಪ ಒಂದು ನಂಬರ್, ನಾನೊಂದು ನಂಬರ್. ನಂಬರ್ ಪಕ್ಕ ಕಾರಣ ಒಂದು ಲೈನು: ದುಡ್ಡು, ಓಡಾಟ, ನಿದ್ದೆ, ನೋವು, ಊಟ ಸೇರ್ತಿಲ್ಲ, ತೋಟದ ಕೆಲಸ, ಸಾಯ್ತೀನಾ ಅನ್ನೋ ಭಯ.

"ಹೇಗಿದ್ದೀಯ" ಅಂತ ಕೇಳಿದ್ರೆ ಅಪ್ಪ ಯಾವಾಗ್ಲೂ "ನಂಗೇನಾಗಿದೆ" ಅನ್ನೋರು, ಆದ್ರೆ ನಂಬರ್ ಬರೀರಿ ಅಂದಿದ್ದಕ್ಕೆ ಒಂದ್ ವಾರ 8 ಬರೆದಿದ್ರು. ಅಮ್ಮ ಬರೆದಿದ್ದು 5. ಅವತ್ತು ಗೊತ್ತಾಯ್ತು ಮನೇಲಿ ಜಾಸ್ತಿ ಕಷ್ಟ ಪಡ್ತಿರೋರು ಯಾರು ಅಂತ. ಬಾಯಿ ಬಿಟ್ಟು ಮಾತಾಡದ ಗಂಡಸರಿಗೆ ಇದು ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ.

ಮುಂದಿನ ಸಲ ಡಾಕ್ಟ್ರ ಹತ್ರ ಹೋಗೋವಾಗ ಆ ನೋಟ್‌ಬುಕ್ ತಗೊಂಡು ಹೋಗಿ, ಕೇಳ್ಬೇಕಾದ ಮೂರು ಪ್ರಶ್ನೆ ಮೊದಲೇ ಬರೆದಿಟ್ಕೊಳ್ಳಿ, ಯಾಕಂದ್ರೆ ಒಳಗೆ ಹೋದ ತಕ್ಷಣ ಎಲ್ಲಾ ಮರೆತು ಹೋಗುತ್ತೆ.

3. ಎಲ್ಲಾ ಬೇಜಾರೂ ಮನಸ್ಸಿಂದು ಅಂತ ಅಂದ್ಕೋಬೇಡಿ

ಇದು ನಂಗೆ ಯಾರಾದ್ರೂ ಮೊದಲೇ ಹೇಳಿದ್ರೆ ಎಷ್ಟು ಒಳ್ಳೇದಿತ್ತು. ಮೊದಲನೇ ಕೀಮೋ ಆಗಿ ಎರಡು ರಾತ್ರಿ ಅಮ್ಮ ಕಣ್ಣು ಮುಚ್ಚಲಿಲ್ಲ, ಮನೆ ತುಂಬಾ ಓಡಾಡಿದ್ರು, ಒಂದು ಲೋಟ ಎತ್ತಿಡಲಿಲ್ಲ ಅಂತ ಅಪ್ಪನ ಮೇಲೆ ಕೂಗಾಡಿದ್ರು, ಮೂರನೇ ದಿನ ಬಿಕ್ಕಿ ಬಿಕ್ಕಿ ಅತ್ರು. ನಾವು ಅಂದ್ಕೊಂಡ್ವಿ ಶಾಕಿಂದ ಹೀಗಾಗ್ತಿದೆ ಅಂತ. ನರ್ಸ್ ಒಬ್ಬರು ಹೇಳಿದ್ರು, ವಾಂತಿ ತಡೆಯೋಕೆ ಕೀಮೋ ಜೊತೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟಿರ್ತಾರೆ, ಅದ್ರಿಂದ ನಿದ್ದೆ ಕೆಡುತ್ತೆ, ಸಿಡಿಮಿಡಿ ಬರುತ್ತೆ, ನಿಲ್ಲಿಸಿದ ಮೇಲೆ ಮನಸ್ಸು ಕುಸಿದಂಗೆ ಆಗುತ್ತೆ ಅಂತ. ಡಾಕ್ಟ್ರನ್ನ ಕೇಳಿ ಮಾತ್ರೆನ ಬೆಳಗ್ಗೆ ತಿಂಡಿ ಆದ್ಮೇಲೆಗೆ ಬದಲಾಯಿಸಿದ್ವಿ, ಮುಂದಿನ ಸಲ ಎಷ್ಟೋ ವಾಸಿ. ಅಷ್ಟೇ ಅಲ್ಲ, ಕ್ಯಾಲೆಂಡರಲ್ಲಿ ಆ ಮೂರು ದಿನಕ್ಕೆ ಗುರುತು ಹಾಕಿಟ್ವಿ, ಆ ದಿನ ಅಮ್ಮ ಬೈದ್ರೆ ಯಾರೂ ಮನಸ್ಸಿಗೆ ತಗೊಳ್ಳೋ ಹಂಗಿಲ್ಲ ಅಂತ.

ಇನ್ನೊಂದು, ಡಾಕ್ಸೋರೂಬಿಸಿನ್ ಅಂತ ಕೆಂಪು ಬಣ್ಣದ ಕೀಮೋ ಇದೆ, ಅದು ಹಾಕಿದ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತೆ, ರಕ್ತ ಅಲ್ಲ ಅದು. ಅಮ್ಮ ಮೊದಲನೇ ಸಲ ನೋಡಿ ಹೆದರಿ ಬಾತ್‌ರೂಮಲ್ಲೇ ಕೂತುಬಿಟ್ಟಿದ್ರು. ಆಮೇಲೆ ಅವರೇ ಹೇಳಿದ್ರು, "ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದಾಗ ಆಗಲ್ವಾ, ಹಂಗೇ" ಅಂತ (ಕಕ್ಕಡ ಅಂದ್ರೆ ಕೊಡವರ ಮಳೆಗಾಲದ ತಿಂಗಳು, ಅದರ ಹದಿನೆಂಟನೇ ದಿನ ತಿನ್ನೋ ಆ ಪಾಯಸದಿಂದಲೂ ಮೂತ್ರಕ್ಕೆ ಬಣ್ಣ ಬರುತ್ತೆ). ಮದ್ದು ಸೊಪ್ಪಿನ ಮಾತು ಬಂತು ಅಂತ ಹೇಳ್ತೀನಿ, ಕೀಮೋ ನಡೀತಿರೋವಾಗ ಸೊಪ್ಪು ಕಷಾಯ ನಾಟಿ ಔಷಧಿ ಯಾವುದೇ ಇರ್ಲಿ ನಿಮ್ಮ ಕ್ಯಾನ್ಸರ್ ಡಾಕ್ಟ್ರನ್ನ ಕೇಳದೆ ಕೊಡ್ಬೇಡಿ.

ನೋವು ಇದ್ರೆ ಮನಸ್ಸು ನಿಲ್ಲೋದೇ ಇಲ್ಲ. "ಇಷ್ಟಾದ್ರೂ ತಡ್ಕೋಬೇಕಪ್ಪಾ" ಅಂತ ಸುಮ್ನಿರೋ ಹೆಂಗಸರು ನಮ್ಮಲ್ಲಿ ಜಾಸ್ತಿ, ದಯವಿಟ್ಟು ಹಾಗೆ ಮಾಡ್ಬೇಡಿ. ನೋವಿಗೂ 0 ರಿಂದ 10 ನಂಬರ್ ಹೇಳಿ. ಜೋರು ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ರೆ "ಚಟ ಆಗುತ್ತೆ, ಕೊನೆಗಾಲ ಬಂತು" ಅಂತ ಹೆದರಬೇಕಿಲ್ಲ, ಡಾಕ್ಟ್ರು ಹೇಳಿದ ಅಳತೇಲಿ ತಗೊಂಡ್ರೆ ಅದು ನೋವಿನ ಔಷಧಿ ಅಷ್ಟೇ, ಮಲಬದ್ಧತೆ ಆಗುತ್ತೆ, ಅದಕ್ಕೂ ಜೊತೇಲೇ ಮಾತ್ರೆ ಕೇಳಿ ಬರೆಸ್ಕೊಳ್ಳಿ. ರಕ್ತ ಕಮ್ಮಿ ಇದ್ರೆ, ಥೈರಾಯ್ಡ್ ಏರುಪೇರಾದ್ರೆ ಕೂಡ ಜೀವ ಸಪ್ಪೆ ಆಗುತ್ತೆ, ಟೆಸ್ಟ್ ಮಾಡಿದ್ರೆ ಗೊತ್ತಾಗುತ್ತೆ.

4. ದಿನಕ್ಕೊಂದು ಆಕಾರ ಕೊಡಿ

ಕೀಮೋ ಸುಸ್ತು ಮಾಮೂಲಿ ಸುಸ್ತಲ್ಲ, ಎಷ್ಟು ಮಲಗಿದ್ರೂ ಹೋಗಲ್ಲ. ವಿಚಿತ್ರ ಅಂದ್ರೆ ಸ್ವಲ್ಪ ಓಡಾಡಿದ್ರೇನೇ ಕಮ್ಮಿ ಆಗೋದು. ಅಮ್ಮ ಮೊದಲು ಅಂಗಳ, ಆಮೇಲೆ ಕಾಫಿ ಒಣಗಿಸೋ ಕಣ, ಆಮೇಲೆ ಗೇಟ್ ತನಕ, ಹೀಗೆ ಹತ್ತು ಹತ್ತು ನಿಮಿಷ ನಡೀತಿದ್ರು. ಆನೆ ಬಂದಿದೆ ಅಂತ ಗ್ರೂಪಲ್ಲಿ ಮೆಸೇಜ್ ಬಂದ ದಿನ ಜಗುಲಿ ಮೇಲೇನೇ ಹತ್ತು ಸುತ್ತು. ಮಂಕಾಗಿ ಬಿದ್ಕೊಂಡಿರೋ ಮನಸ್ಸಿಗೆ "ಮೂಡ್ ಬಂದಾಗ ಮಾಡ್ತೀನಿ" ಅನ್ನೋದು ಕೆಲಸ ಮಾಡಲ್ಲ, ಮೊದಲು ಮಾಡೋದು, ಮೂಡ್ ಆಮೇಲೆ ಬರುತ್ತೆ.

ದಿನಕ್ಕೆ ಮೂರು ಸಣ್ಣ ಕೆಲಸ ಇಟ್ಕೊಳ್ಳಿ, ಒಂದು ದೇಹಕ್ಕೆ, ಒಂದು ಇಷ್ಟಕ್ಕೆ, ಒಂದು "ನಾನಿನ್ನೂ ಈ ಮನೆಗೆ ಬೇಕು" ಅನ್ಸೋದಕ್ಕೆ. ಮೂರನೇದು ಮುಖ್ಯ. ನಾವು ಅಮ್ಮನಿಗೆ ಕಡ್ಡಿನೂ ಎತ್ತೋಕೆ ಬಿಡ್ತಿರ್ಲಿಲ್ಲ, ಅವರಿಗೆ ಅದ್ರಿಂದಾನೇ ಬೇಜಾರಾಗಿತ್ತು. ಆಮೇಲೆ ಆಳುಗಳ ಹಾಜರಿ ಪುಸ್ತಕ ಅಮ್ಮನೇ ಬರೆಯೋದು ಅಂತ ಮಾಡಿದ್ವಿ, ಯಾರು ಎಷ್ಟು ಹಣ್ಣು ಕುಯ್ದ್ರು, ಎಷ್ಟು ಕೊಡ್ಬೇಕು ಎಲ್ಲಾ. ಹುತ್ತರಿ ಅಂದ್ರೆ ನಮ್ಮ ಸುಗ್ಗಿ ಹಬ್ಬದ ಸಮಯಕ್ಕೆ ಗದ್ದೆ ತನಕ ಹೋಗೋಕೆ ಆಗ್ಲಿಲ್ಲ, ಕದಿರು ಮನೆ ಬಾಗಿಲಿಗೆ ತಂದ್ವಿ, ಅಮ್ಮನೇ ನಿಂತು ಕಟ್ಟಿಸಿದ್ರು.

ಯೋಚನೆ ತಲೆ ಒಳಗೆ ಸುತ್ತುತ್ತಾನೇ ಇರುತ್ತಲ್ಲ, ಅದಕ್ಕೆ ಕೌನ್ಸೆಲರ್ ಹೇಳಿಕೊಟ್ಟ ಉಪಾಯ, ಸಂಜೆ 5ರಿಂದ 5:20 ಯೋಚನೆ ಮಾಡೋ ಟೈಮ್. ಹಗಲಲ್ಲಿ ಬಂದಿದ್ದನ್ನ ಚೀಟೀಲಿ ಬರೆದು ಸಂಜೆಗೆ ಇಡೋದು, ಸಂಜೆ ಕೂತು ಓದಿ, ಮಾಡೋಕೆ ಆಗೋದು ಯಾವುದು, ಆಗದೇ ಇರೋದು ಯಾವುದು ಅಂತ ಬೇರೆ ಮಾಡೋದು. ಮಲಗೋ ಮುಂಚೆ ಮಾತ್ರ ಬೇಡ. ಗಾಬರಿ ಹತ್ತಿದಾಗ ಉಸಿರು ನಾಲ್ಕು ಎಣಿಸೋ ತನಕ ಒಳಗೆ, ಆರು ಎಣಿಸೋ ತನಕ ನಿಧಾನಕ್ಕೆ ಹೊರಗೆ, ಐದು ನಿಮಿಷ. ಬಿಡೋ ಉಸಿರು ಉದ್ದ ಇರ್ಬೇಕು, ಅದೇ ಅದರ ಗುಟ್ಟು. ಸ್ಕ್ಯಾನಿಂಗ್ ಮೆಷಿನ್ ಒಳಗೆ ಮಲಗಿದಾಗಲೂ ಅಮ್ಮ ಇದನ್ನೇ ಮಾಡ್ತಿದ್ರು.

5. ದಾರಿ ದೊಡ್ಡದು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ

ನಮ್ಮ ಜಿಲ್ಲೇಲಿ ಇರೋ ಕಷ್ಟ ಇದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ 250ಕ್ಕೂ ಮೇಲೆ, ಮಂಗಳೂರಿಗೆ ಹೋಗ್ಬೇಕಂದ್ರೆ ಸಂಪಾಜೆ ಘಾಟಿ ಇಳೀಬೇಕು, ರೈಲಂತೂ ಇಲ್ವೇ ಇಲ್ಲ. ಹಿಂದಿನ ದಿನದಿಂದಲೇ ಹೊಟ್ಟೆ ತೊಳಸೋಕೆ ಶುರುವಾಗುತ್ತೆ, ಅಮ್ಮನಿಗೆ ನಾಲ್ಕನೇ ಕೀಮೋ ಹೊತ್ತಿಗೆ ಕುಶಾಲನಗರ ದಾಟ್ತಿದ್ದ ಹಾಗೇ ವಾಂತಿ, ಔಷಧಿ ಇನ್ನೂ ಹಾಕೇ ಇಲ್ಲ! ಇದು ನಾಟಕ ಅಲ್ಲ, ಮನಸ್ಸು ಆ ದಾರಿನ, ಆ ವಾಸನೆನ ಕೀಮೋ ಜೊತೆ ಗಂಟು ಹಾಕ್ಕೊಂಡಿರುತ್ತೆ, ಡಾಕ್ಟ್ರಿಗೆ ಹೇಳಿದ್ರೆ ಹೊರಡೋ ಮುಂಚೆ ತಗೊಳ್ಳೋಕೆ ಮಾತ್ರೆ ಕೊಡ್ತಾರೆ. ನಾವು ಕಾರಲ್ಲಿ ಸೆಂಟ್ ತೆಗೆದು ಹಾಕಿದ್ವಿ, ಒಂದು ನಿಂಬೆಹಣ್ಣು ಕೈಲಿ, ಹಳೇ ಹಾಡು, ಆಸ್ಪತ್ರೆ ಮಾತು ಹುಣಸೂರು ದಾಟೋ ತನಕ ಬೇಡ ಅಂತ ರೂಲ್.

ಸಾಧ್ಯ ಆದ್ರೆ ಹಿಂದಿನ ದಿನವೇ ಹೋಗಿ ಉಳ್ಕೊಳ್ಳಿ. ರೇಡಿಯೇಶನ್ ಅಂದ್ರೆ ವಾರಕ್ಕೆ ಐದು ದಿನ, ಮೂರು ವಾರ ಐದು ವಾರ ಊರು ಬಿಟ್ಟಿರ್ಬೇಕು, ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳ ಹತ್ರ ಧರ್ಮಶಾಲೆಗಳು ಇರ್ತವೆ, ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನ ಕೇಳಿ. ಅಲ್ಲಿರೋ ಬೇರೆ ರೋಗಿಗಳ ಜೊತೆ ಸಂಜೆ ಕೂತು ಮಾತಾಡೋದು ಅಮ್ಮನಿಗೆ ಮನೆಯೋರ ಸಮಾಧಾನಕ್ಕಿಂತ ಜಾಸ್ತಿ ಹಿಡಿಸ್ತು. "ಅವರಿಗೆ ವಿವರಿಸಿ ಹೇಳೋ ಅಗತ್ಯನೇ ಇಲ್ಲ ಕಣೇ, ಅರ್ಧ ಮಾತಿಗೇ ತಿಳೀತಾರೆ" ಅನ್ನೋರು.

ಮಳೆಗಾಲದ ತಯಾರಿ ಬೇರೆಯೇ. 2018ರ ಆಗಸ್ಟಲ್ಲಿ ರಸ್ತೆಗಳೇ ಕುಸಿದಿದ್ದು ನೋಡಿದೋರು ನಾವು. ಜೂನ್ ಶುರುವಾಗೋ ಮುಂಚೆ 15 ದಿನದ ಮಾತ್ರೆ ಮನೇಲಿರ್ಲಿ, ಪವರ್ ಬ್ಯಾಂಕ್ ಚಾರ್ಜ್ ಇರ್ಲಿ, ಯಾರ ಜೀಪು ಕರೆದ್ರೆ ಬರುತ್ತೆ ಅಂತ ಇಬ್ಬರ ಹತ್ರ ಮಾತಾಡಿ ಇಟ್ಟಿರಿ, ಒಂದು ಹಾಳೇಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ: ಕೀಮೋ ನಡೀತಿರೋವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರೆ ಬೆಳಗಾಗೋ ತನಕ ಕಾಯೋ ಹಂಗಿಲ್ಲ, ಹೊರಡ್ಬೇಕು. ಆ ಹಾಳೆ ಅಂಟಿಸಿದ ಮೇಲೇನೇ ನಾನು ರಾತ್ರಿ ನಿದ್ದೆ ಮಾಡಿದ್ದು. ಇನ್ನು ಆ ಮಂಜು ಮುಚ್ಚಿದ, ಬಟ್ಟೆ ಒಣಗದ, ಯಾರೂ ಬರದ ವಾರಗಳಿವೆಯಲ್ಲ, ಆಗ ಮನಸ್ಸು ಇನ್ನೂ ಕೆಳಗೆ ಹೋಗುತ್ತೆ, ಅದು ನಿಮ್ಮ ದೌರ್ಬಲ್ಯ ಅಲ್ಲ. ಹಗಲು ಕಿಟಕಿ ಹತ್ರ ಕೂರಿಸಿ, ಬ್ಯಾಟರಿ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ ಹಾಕಿಡಿ, ದಿನಕ್ಕೊಬ್ಬರು ಇಂಥ ಹೊತ್ತಿಗೆ ಫೋನ್ ಮಾಡೋ ಹಾಗೆ ಪಾಳಿ ಮಾಡಿ.

6. ನೋಡೋಕೆ ಬರೋರನ್ನ ನಿಭಾಯಿಸೋದು

ನಮ್ಮ ಜನ ಒಳ್ಳೇ ಮನಸ್ಸಿಂದಾನೇ ಬರ್ತಾರೆ, ಹಣ್ಣಿನ ಕವರ್ ಹಿಡ್ಕೊಂಡು. ಆದ್ರೆ ಕೂತ್ಕೊಂಡು "ನಮ್ಮ ದೊಡ್ಡಮ್ಮನ ಮಗಳಿಗೂ ಇದೇ ಆಗಿತ್ತು, ಆರು ತಿಂಗಳು ಅಷ್ಟೇ" ಅಂತ ಶುರು ಮಾಡಿದ್ರೆ ಏನ್ ಮಾಡೋದು. ಇಲ್ಲಾಂದ್ರೆ ಯಾವ ದೈವಕ್ಕೆ ತಪ್ಪು ಮಾಡಿದ್ರೋ, ಯಾರ ದೃಷ್ಟಿಯೋ. ಪೂಜೆ ಹರಕೆ ಮಾಡಿ, ತುಲಾ ಸಂಕ್ರಮಣಕ್ಕೆ ತಲಕಾವೇರಿ ತೀರ್ಥ ತಂದು ಕೊಟ್ರೆ ಅಮ್ಮನೂ ಕಣ್ಣಿಗೊತ್ಕೊಂಡ್ರು, ಅದ್ರಿಂದ ಬರೋ ಧೈರ್ಯ ನಿಜಾನೇ. ಆದ್ರೆ ಕಾಯಿಲೆ ಬಂದಿದ್ದಕ್ಕೆ ರೋಗಿನೇ ಕಾರಣ ಅನ್ನೋ ಮಾತು ಮನೆ ಒಳಗೆ ಬರ್ಬಾರ್ದು, ಅದೊಂದ್ರಲ್ಲಿ ನಾನು ಗಟ್ಟಿಯಾಗೇ ನಿಂತೆ.

ಮನೆಯವರಲ್ಲಿ ಒಬ್ಬರು ಬಾಗಿಲಲ್ಲಿ ನಿಲ್ಲೋರು ಅಂತ ಆಗ್ಲಿ. "ಈಗ ಇನ್ಫೆಕ್ಷನ್ ಆಗ್ಬಾರ್ದು ಅಂತ ಡಾಕ್ಟ್ರು ಹೇಳಿದಾರೆ, ಇಲ್ಲೇ ಜಗುಲೀಲಿ ಹತ್ತು ನಿಮಿಷ" ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ನೀವು ನೋಡೋಕೆ ಹೋಗೋರಾದ್ರೆ "ಏನಾದ್ರೂ ಬೇಕಿದ್ರೆ ಹೇಳಿ" ಅನ್ಬೇಡಿ, ಯಾರೂ ಹೇಳಲ್ಲ. "ಗುರುವಾರ ಮಧ್ಯಾಹ್ನದ ಊಟ ನಾನು ತರ್ತೀನಿ", "ನಿಮ್ಮ ಮೆಣಸು ಕೊಯ್ಲಿಗೆ ನಾನು ನಿಂತ್ಕೋತೀನಿ" ಅಂತ ಹೇಳಿ. ತೋಟದ ಆಳುಗಳ ಲೈನ್ ಮನೇಲಿರೋ ಒಬ್ಬ ಅಕ್ಕ ದಿನಾ ಕೆಲಸ ಮುಗಿಸಿ ಬಂದು ಅಮ್ಮನ ಪಕ್ಕ ಕೂತು ಮೆಣಸು ಆರಿಸೋರು, ಕಾಯಿಲೆ ಬಗ್ಗೆ ಒಂದ್ ಮಾತೂ ಕೇಳ್ಲಿಲ್ಲ, ಅವರು ಬರದ ದಿನ ಅಮ್ಮ ದಾರಿ ನೋಡೋರು.

7. ಕೂದ್ಲು, ಎದೆ, ಗಂಡ ಹೆಂಡತಿ

ಕೂದ್ಲು ಸಾಮಾನ್ಯವಾಗಿ ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಉದುರೋಕೆ ಶುರು. ದಿಂಬಿನ ಮೇಲೆ ಹಿಡಿ ಹಿಡಿ ನೋಡೋದಕ್ಕಿಂತ ಮುಂಚೇನೇ ಚಿಕ್ಕದಾಗಿ ಕತ್ತರಿಸಿದ್ರೆ ಸ್ವಲ್ಪ ತಡ್ಕೋಬಹುದು. ತೋಟಕ್ಕೆ ಹೋಗೋ ಹೆಂಗಸರೆಲ್ಲ ತಲೆಗೆ ಬಟ್ಟೆ ಕಟ್ಟೋ ಊರು ನಮ್ದು, ಹಂಗಾಗಿ ಬಟ್ಟೆ ಕಟ್ಕೊಂಡು ಓಡಾಡಿದ್ರೆ ಯಾರೂ ತಿರುಗಿ ನೋಡಲ್ಲ, ಅದೊಂದು ಅನುಕೂಲ ಆಯ್ತು. ಎದೆ ತೆಗೆದ ಮೇಲೆ ಬ್ಲೌಸ್ ಒಳಗೆ ಇಟ್ಕೊಳ್ಳೋ ಹತ್ತಿಯ, ಸಿಲಿಕೋನಿನ ಪ್ಯಾಡ್ ಸಿಗುತ್ತೆ, ಆಸ್ಪತ್ರೇಲಿ ಕೇಳೋಕೆ ನಾಚಿಕೆ ಬೇಡ. ಗಂಡಂದಿರಿಗೆ ಒಂದು ಮಾತು, ನೋವಾಗುತ್ತೇನೋ ಅಂತ ನೀವು ದೂರ ಮಲಗಿದ್ರೆ ಅವರು ಅಂದ್ಕೊಳ್ಳೋದು ಬೇರೆ. ಕೈ ಹಿಡ್ಕೊಂಡು ಕೂರೋಕೆ ಡಾಕ್ಟ್ರ ಪರ್ಮಿಷನ್ ಬೇಕಿಲ್ಲ.

8. ನೋಡ್ಕೊಳ್ಳೋರು ಎರಡನೇ ಪೇಷಂಟ್

ಇದನ್ನ ಕೊನೆಗೆ ಓದ್ತೀನಿ ಅಂತ ಬಿಡ್ಬೇಡಿ. ನಂಗೆ ಐದನೇ ತಿಂಗಳಿಗೆ ಕತ್ತು ಹಿಡ್ಕೊಂಡಿತ್ತು, ಸಣ್ಣ ಸದ್ದಿಗೂ ಬೆಚ್ಚಿ ಬೀಳ್ತಿದ್ದೆ, ಒಂದು ದಿನ ಅಮ್ಮ ಮೂರನೇ ಸಲ ನೀರು ಕೇಳಿದ್ದಕ್ಕೆ ರೇಗಿ ಲೋಟ ಕುಕ್ಕಿಟ್ಟೆ, ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ. ಅಪ್ಪ ಸಂಜೆ ಒಂದು ಪೆಗ್ ತಗೊಳ್ಳೋರು ಮೂರಕ್ಕೆ ಹೋಗಿದ್ರು. ನಮ್ಮ ಕಡೆ ಅದನ್ನ ಯಾರೂ ದೊಡ್ಡ ವಿಷಯ ಅಂತ ನೋಡಲ್ಲ, ಆದ್ರೆ ಕುಡಿಯೋದು ಏರ್ತಿದ್ರೆ ಅದು ದುಃಖದ ಗುರುತು, ಬೈಯೋಕೆ ಮುಂಚೆ ಪಕ್ಕ ಕೂತು ಕೇಳಿ. "ಅವಳಿಲ್ದಿದ್ರೆ ನಂಗೆ ಅನ್ನ ಎಲ್ಲಿದೆ ಅಂತಾನೂ ಗೊತ್ತಿಲ್ಲ ಮಗಾ" ಅಂದ್ರು ಅಪ್ಪ, ನಾನು ಅವರು ಅಳೋದು ನೋಡಿದ್ದು ಅದೇ ಮೊದಲು.

ಏನ್ ಮಾಡ್ಬೇಕು ಅಂದ್ರೆ, ಮೊದಲು ಎಲ್ಲಾ ಕೆಲಸನೂ ಒಂದು ಕಾಗದದಲ್ಲಿ ಬರೀರಿ: ಅಡುಗೆ, ಮಾತ್ರೆ, ಆಸ್ಪತ್ರೆ ಓಡಾಟ, ಕಾರ್ಡು ಕಾಗದಪತ್ರ, ಸಂಬಂಧಿಕರ ಫೋನು, ತೋಟ, ಹಸು, ರಾತ್ರಿ ಎದ್ದು ನೋಡೋದು. ಬರೆದ ಮೇಲೆ ಗೊತ್ತಾಗುತ್ತೆ ಮುಕ್ಕಾಲು ಭಾಗ ಒಬ್ಬರ ತಲೆ ಮೇಲಿದೆ, ಸಾಮಾನ್ಯವಾಗಿ ಮಗಳು ಇಲ್ಲಾ ಸೊಸೆ. ಆ ಕಾಗದ ಇಟ್ಕೊಂಡು ಮನೆಯೋರನ್ನೆಲ್ಲ ಕೂರಿಸಿ ಹಂಚಿ. ಬೆಂಗಳೂರಲ್ಲಿರೋ ತಮ್ಮ "ನಾನೇನ್ ಮಾಡ್ಲಿ ಅಲ್ಲಿಂದ" ಅಂತಿದ್ದ, ಅವನಿಗೆ ಸಂಬಂಧಿಕರ ಫೋನು ಪೂರ್ತಿ ಒಪ್ಪಿಸಿದ್ವಿ, ವಾರಕ್ಕೊಂದು ವಾಯ್ಸ್ ಮೆಸೇಜ್ ಅವನೇ ಗ್ರೂಪಿಗೆ ಹಾಕೋದು, ಆಯುಷ್ಮಾನ್ ಕಾಗದಗಳೂ ಅವನದ್ದೇ. ತಿಂಗಳಿಗೆ ಎರಡು ದಿನ ಅವನು ಬಂದು ಅಮ್ಮನ ಜೊತೆ ಇರ್ಬೇಕು, ಆ ಎರಡು ದಿನ ನಾನು ಮನೇಲಿ ಇರ್ಬಾರ್ದು ಅಂತ ಅಮ್ಮನೇ ಹೇಳಿದ್ರು. ಅಪ್ಪ ಕಾಫಿ ಮಾಡೋದು, ಅನ್ನ ಇಡೋದು ಕಲಿತ್ರು, ನಂಗೆ ಸಹಾಯ ಆಯ್ತು ಅನ್ನೋದಕ್ಕಿಂತ ಅವರ ಭಯ ಕಮ್ಮಿ ಆಯ್ತು.

ರಾತ್ರಿ ಎದ್ದು ನೋಡೋದನ್ನ ಪಾಳಿ ಮಾಡಿ, ಯಾರೇ ಆಗ್ಲಿ ವಾರಕ್ಕೆ ಮೂರು ರಾತ್ರಿನಾದ್ರೂ ಪೂರ್ತಿ ಮಲಗ್ಬೇಕು. ದಿನಕ್ಕೆ 20 ನಿಮಿಷ ಮನೆ ಹೊರಗೆ. ನಿಮ್ಮ ಬಿಪಿ ಶುಗರ್ ಮಾತ್ರೆ ನೀವು ನಿಲ್ಲಿಸ್ಬೇಡಿ, ಇದು ತುಂಬಾ ಜನ ಮಾಡೋ ತಪ್ಪು. "ಬೇಗ ಮುಗಿದ್ರೆ ಸಾಕಪ್ಪಾ" ಅಂತ ಒಂದು ಕ್ಷಣ ಅನ್ಸಿದ್ರೆ ನೀವು ಕೆಟ್ಟೋರಲ್ಲ, ನೋಡ್ಕೊಂಡೋರಲ್ಲಿ ಎಷ್ಟೋ ಜನಕ್ಕೆ ಅನ್ಸಿರುತ್ತೆ, ದಣಿವು ಮಾತಾಡ್ಸೋ ಮಾತದು.

9. ದುಡ್ಡಿನ ಯೋಚನೆ

ಚಿಕ್ಕದಾಗಿ ಹೇಳ್ತೀನಿ, ಆದ್ರೆ ನೋಟ್‌ಬುಕ್ಕಲ್ಲಿ ಜಾಸ್ತಿ ಸಲ ಬರೋ ಕಾರಣ ಇದೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿರೋ ದರದ) 30 ಪರ್ಸೆಂಟ್, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ಸಿಗುತ್ತೆ. ಸಹಕಾರ ಸಂಘದ ಸದಸ್ಯರಾಗಿದ್ರೆ ಯಶಸ್ವಿನಿ ಆರೋಗ್ಯ ಯೋಜನೆ ಬಗ್ಗೆನೂ ವಿಚಾರಿಸಿ. ಲೈನ್ ಮನೇಲಿರೋರಿಗೆ ಕೂಲಿ ತಪ್ಪೋದೇ ದೊಡ್ಡ ಹೊಡೆತ, ಆಶಾ ಕಾರ್ಯಕರ್ತೆ ಮೂಲಕ ಮೊದಲ ವಾರವೇ ಕಾಗದ ಮಾಡ್ಸಿ. ಮನೆಯ ಲೆಕ್ಕ ರೋಗಿಯಿಂದ ಮುಚ್ಚಿಡ್ಬೇಡಿ, ಅವರು ಮನಸ್ಸಲ್ಲೇ ಹಾಕ್ಕೊಳ್ಳೋ ಲೆಕ್ಕ ಯಾವಾಗ್ಲೂ ನಿಜಕ್ಕಿಂತ ದೊಡ್ಡದಿರುತ್ತೆ.

10. ಯಾವಾಗ ಮನಸ್ಸಿನ ಡಾಕ್ಟ್ರು ಬೇಕೇ ಬೇಕು

ಊಟ ಸೇರದೇ ಇರೋದು, ಸುಸ್ತು, ನಿದ್ದೆ ಇಲ್ದೇ ಇರೋದು ಕೀಮೋದಿಂದಲೂ ಆಗುತ್ತೆ, ಅದನ್ನೇ ನೋಡ್ಕೊಂಡು ಖಿನ್ನತೆ ಹೌದೋ ಅಲ್ವೋ ಹೇಳೋಕೆ ಆಗಲ್ಲ. ಬೇರೆ ಗುರುತು ನೋಡಿ: ಎರಡು ವಾರಕ್ಕೂ ಮೇಲೆ ಯಾವುದ್ರಲ್ಲೂ ಆಸಕ್ತಿ ಇಲ್ಲ, ಮೊಮ್ಮಗು ಬಂದ್ರೂ ಮುಖ ಅರಳಲ್ಲ, ನಾನು ಎಲ್ಲರಿಗೂ ಭಾರ ಅನ್ನೋ ಮಾತು ಮತ್ತೆ ಮತ್ತೆ, ಟ್ರೀಟ್‌ಮೆಂಟೇ ಬೇಡ ಅನ್ನೋದು. ಆಗ ಕ್ಯಾನ್ಸರ್ ಡಾಕ್ಟ್ರಿಗೆ ಹೇಳಿ ಮನೋವೈದ್ಯರನ್ನ ತೋರಿಸಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೇಲಿ, ನಿಮ್ಮ ತಾಲೂಕು ಆಸ್ಪತ್ರೇಲಿ ಮಾನಸಿಕ ಆರೋಗ್ಯದ ಡಾಕ್ಟ್ರು ಯಾವ ದಿನ ಸಿಗ್ತಾರೆ ಅಂತ ಕೇಳಿ. ಓಡಾಡೋಕೆ ಆಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, 24 ಗಂಟೆನೂ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು, ನೋಡ್ಕೊಳ್ಳೋರೂ ಮಾಡ್ಬಹುದು, ನಾನೇ ಮಾಡಿದೀನಿ. ಸ್ತನ ಕ್ಯಾನ್ಸರಿಗೆ ಕೊಡೋ ಟ್ಯಾಮಾಕ್ಸಿಫೆನ್ ಮಾತ್ರೆ ತಗೊಳ್ತಿದ್ರೆ ಮನೋವೈದ್ಯರಿಗೆ ಮರೀದೆ ಹೇಳಿ, ಖಿನ್ನತೆಗೆ ಕೊಡೋ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಥರದ ಕೆಲವು ಮಾತ್ರೆ ಅದರ ಶಕ್ತಿ ಕಮ್ಮಿ ಮಾಡ್ತವೆ, ಬೇರೆ ಮಾತ್ರೆ ಕೊಡ್ತಾರೆ.

"ಬದುಕಿದ್ದೇನ್ ಪ್ರಯೋಜನ" ಅನ್ನೋ ಮಾತು ಬಂದ್ರೆ ಮಾತು ತಿರುಗಿಸ್ಬೇಡಿ. "ಸಾಯ್ಬೇಕು ಅಂತ ಅನ್ಸ್ತಿದ್ಯಾ?" ಅಂತ ನೇರವಾಗಿ ಕೇಳಿ, ಕೇಳಿದ್ರೆ ಆ ಯೋಚನೆ ಹುಟ್ಟಲ್ಲ, ಹೇಳ್ಕೊಳ್ಳೋಕೆ ದಾರಿ ಆಗುತ್ತೆ. ಹೌದು ಅಂದ್ರೆ ಒಬ್ಬರನ್ನೇ ಬಿಡ್ಬೇಡಿ, ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ನಮ್ಮ ಮನೆಗಳಲ್ಲಿ ಕೋವಿ ಇರುತ್ತೆ, ತೋಟದ ಔಷಧಿ ಇರುತ್ತೆ, ಎರಡನ್ನೂ ಆ ಮನೆಯಿಂದಲೇ ಬೇರೆ ಕಡೆ ಸಾಗಿಸಿ, ಔಷಧಿ ನೆಂಟರ ಮನೆಗೆ, ಕೋವಿ ಪೊಲೀಸ್ ಸ್ಟೇಷನ್ನಿಗೆ. ಮಾತ್ರೆ ಡಬ್ಬನೂ ನಿಮ್ಮ ಕೈಲಿರ್ಲಿ. ಮರ್ಯಾದೆ ಪ್ರಶ್ನೆ ಅಂತ ಇದನ್ನ ಮುಂದೂಡ್ಬೇಡಿ.

11. ಟ್ರೀಟ್‌ಮೆಂಟ್ ಮುಗಿದ ಮೇಲೆ, ಅಥವಾ ಮುಂದೆ ದಾರಿ ಇಲ್ಲ ಅಂದಾಗ

ಮುಗಿದ ದಿನ ಖುಷಿ ಆಗ್ಬೇಕು, ಆದ್ರೆ ಅಮ್ಮ ಕುಸಿದಿದ್ದೇ ಆವಾಗ. ಅಲ್ಲಿ ತನಕ ಏನೋ ಮಾಡ್ತಿದ್ದೀವಿ ಅಂತಿತ್ತು, ಈಗ ಸುಮ್ನೆ ಕಾಯೋದು. ಪ್ರತಿ ಚೆಕಪ್ಪಿಗೆ ಒಂದು ವಾರ ಮುಂಚೆ ಸಣ್ಣ ಕೆಮ್ಮೂ ಕ್ಯಾನ್ಸರ್ ಥರ ಕಾಣುತ್ತೆ. ಡಾಕ್ಟ್ರನ್ನ ಕೇಳಿ ಯಾವ ಲಕ್ಷಣಕ್ಕೆ ಮಾತ್ರ ಫೋನ್ ಮಾಡ್ಬೇಕು ಅಂತ ಬರೆಸ್ಕೊಂಡ್ವಿ, ಪಟ್ಟೀಲಿ ಇಲ್ದೇ ಇರೋದಕ್ಕೆ ಎರಡು ವಾರ ಕಾಯೋದು. ಚೆಕಪ್ ವಾರದಲ್ಲಿ ತೋಟದ ದೊಡ್ಡ ಕೆಲಸ ಇಟ್ಕೊಳ್ಳಲ್ಲ, ರಿಪೋರ್ಟ್ ಬರೋ ತನಕ ಯಾರಾದ್ರೂ ಒಬ್ಬರು ಅಮ್ಮನ ಜೊತೆ ಮಲಗ್ತೀವಿ.

ವಾಸಿ ಆಗಲ್ಲ ಅಂತ ಗೊತ್ತಾದವರಿಗೆ, ಪ್ಯಾಲಿಯೇಟಿವ್ ಕೇರ್ ಅಂದ್ರೆ ನೋವು, ಸಂಕಟ ಕಮ್ಮಿ ಮಾಡೋ ಆರೈಕೆ, ಕೈ ಬಿಟ್ರು ಅಂತ ಅಲ್ಲ. 2010ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಿಂದ ಪ್ರಕಟವಾದ ಅಧ್ಯಯನದಲ್ಲಿ, ಮುಂದುವರಿದ ಹಂತದ ಶ್ವಾಸಕೋಶ ಕ್ಯಾನ್ಸರ್ ಇದ್ದ 151 ಜನರಲ್ಲಿ ಮೊದಲಿಂದಲೇ ಈ ಆರೈಕೆ ಸಿಕ್ಕವರಿಗೆ ಖಿನ್ನತೆ ಕಮ್ಮಿ ಇತ್ತು, ಬದುಕಿದ್ದೂ ಸುಮಾರು ಎರಡೂವರೆ ತಿಂಗಳು ಜಾಸ್ತಿ. ಹಾಗಾಗಿ ಕೊನೇ ವಾರದ ತನಕ ಕಾಯದೆ ಮೊದಲೇ ಕೇಳಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ಆರೈಕೆ ಉಚಿತವಾಗಿ ಸಿಗುತ್ತೆ. ಮನೇಲೇ ಇರ್ತೀನಿ ಅಂದ್ರೆ ನೋವಿನ ಮಾತ್ರೆ ಎಲ್ಲಿ ಸಿಗುತ್ತೆ, ರಾತ್ರಿ ಯಾರಿಗೆ ಫೋನ್ ಮಾಡೋದು ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ, ಏನ್ ಮಾತಾಡ್ಬೇಕಿದೆಯೋ ಅವರಿಗೆ ಮಾತಾಡೋ ಶಕ್ತಿ ಇರೋವಾಗಲೇ ಮಾತಾಡಿ.

ಪಕ್ಕದ ತೋಟದ ಮನೇಲಿ ಹಾಗೇ ಆಯ್ತು, ಅವರ ಯಜಮಾನರು ಹೋದ್ರು. ಕ್ರಿಯೆ ಮುಗಿಯೋ ತನಕ ಮನೆ ತುಂಬಾ ಜನ, ಆಮೇಲೆ ಒಂದು ಫೋನೂ ಇಲ್ಲ. ವರ್ಷಗಟ್ಟಲೆ ಮಾತ್ರೆ ಟೈಮಿಗೆ ಏಳ್ತಿದ್ದ ಆ ಅಕ್ಕ ಈಗಲೂ ರಾತ್ರಿ ಎರಡಕ್ಕೆ ಏಳ್ತಾರಂತೆ. ಅಂಥ ಮನೆ ನಿಮ್ಮ ಹತ್ರ ಇದ್ರೆ ಮೊಬೈಲಲ್ಲಿ ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳಿಗೆ ರಿಮೈಂಡರ್ ಹಾಕಿಟ್ಕೊಳ್ಳಿ, ಹೋಗಿ ಕೂತು ಒಂದು ಲೋಟ ಕಾಫಿ ಕುಡಿದು ಬನ್ನಿ, ಹೋದವರ ಹೆಸರು ಹೇಳಿ ಮಾತಾಡಿ. ಅಮ್ಮ ಈಗ ಪ್ರತಿ ಬುಧವಾರ ಮಧ್ಯಾಹ್ನ ಅಲ್ಲಿಗೆ ಹೋಗ್ತಾರೆ, ಮೆಣಸು ಆರಿಸೋಕೆ.